ಒಂದು ಮಗುವಿನ ರೋಗ, ಇಡೀ ಮನೆಯ ಬೇನೆ

ವಯಸ್ಸಾದವರಿಗೆ ಕ್ಯಾನ್ಸರ್ ಬಂದಿತೆಂದು ಕೇಳಿದಾಗ ನಾವು ಮರುಗುತ್ತೇವೆ. ಐದು ವರ್ಷದ ಕೂಸಿಗೆ ಬಂದಿತೆಂದು ಕೇಳಿದಾಗ ಮರುಗುವುದಕ್ಕೂ ಮುನ್ನ ಬೆಚ್ಚಿಬೀಳುತ್ತೇವೆ. ಬೀಡಿ ಸೇದದ, ತಂಬಾಕು ಅಗಿಯದ, ಲೋಕವನ್ನೇ ಇನ್ನೂ ಕಾಣದ ಮಗುವಿಗೆ ಇಂತಹ ರೋಗವೇಕೆ ಎಂಬ ಪ್ರಶ್ನೆ ನಮ್ಮನ್ನು ಕಾಡುತ್ತದೆ. ಆ ಪ್ರಶ್ನೆಗೆ ಉತ್ತರ ತೋಚದೆ ಹೋದಾಗ ಕೆಲವರು ಆ ಮನೆಯತ್ತ ಹೋಗುವುದನ್ನೇ ಬಿಡುತ್ತಾರೆ. ಮತ್ತೆ ಕೆಲವರು ಹೋಗಿ, ಆಡಬಾರದ ಮಾತುಗಳನ್ನು ಆಡಿ ಬರುತ್ತಾರೆ. ಎರಡರಿಂದಲೂ ಆ ಮನೆಗೆ ಪೆಟ್ಟೇ ಬೀಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಹುಟ್ಟಿನಿಂದ 19 ವರ್ಷದವರೆಗಿನ ಸುಮಾರು 4 ಲಕ್ಷ ಮಕ್ಕಳು ಹಾಗೂ ಹದಿಹರೆಯದವರು ಪ್ರತಿವರ್ಷ ಜಗತ್ತಿನಲ್ಲಿ ಕ್ಯಾನ್ಸರಿಗೆ ತುತ್ತಾಗುತ್ತಾರೆ. ಶ್ರೀಮಂತ ದೇಶಗಳಲ್ಲಿ ಇಂತಹ ಮಕ್ಕಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ಗುಣಮುಖರಾಗುತ್ತಾರೆ. ಕಡಿಮೆ ಹಾಗೂ ಮಧ್ಯಮ ಆದಾಯದ ಹಲವು ದೇಶಗಳಲ್ಲಿ ಈ ಪ್ರಮಾಣ ನೂರಕ್ಕೆ 30ಕ್ಕಿಂತಲೂ ಕಡಿಮೆ. ರೋಗ ಅದೇ, ಮುಖ್ಯವಾದ ಔಷಧಿಗಳೂ ಬಹುಮಟ್ಟಿಗೆ ಅವೇ. ಹಾಗಿದ್ದರೂ ಇಷ್ಟು ಅಂತರವೇಕೆ? ರೋಗವನ್ನು ತಡವಾಗಿ ಗುರುತಿಸುವುದು, ಚಿಕಿತ್ಸಾ ಕೇಂದ್ರಗಳು ದೂರವಿರುವುದು ಕೆಲವು ಕಾರಣಗಳು. ಆರಂಭಿಸಿದ ಚಿಕಿತ್ಸೆಯನ್ನು ನಡುವೆಯೇ ಕೈಬಿಡುವುದು ಮತ್ತೊಂದು ಮುಖ್ಯ ಕಾರಣ. ಮಗುವಿನ ಮೇಲೆ ಪ್ರೀತಿಯಿಲ್ಲದೆ ಯಾರೂ ಚಿಕಿತ್ಸೆಯನ್ನು ಬಿಡುವುದಿಲ್ಲ. ಹಣ ಮುಗಿದಾಗ, ಮೈಮನಗಳು ಸೋತಾಗ, ಬಂಧುಬಳಗದ ಮಾತುಗಳಿಗೆ ಎದೆಗುಂದಿದಾಗ ಬಿಡುತ್ತಾರೆ. ಆದುದರಿಂದ ಈ ರೋಗದಲ್ಲಿ ಕುಟುಂಬದ ಮನಸ್ಸನ್ನು ಕಾಯುವುದು ಮಗುವಿನ ಜೀವವನ್ನು ಕಾಯುವ ಕೆಲಸವೇ ಆಗಿದೆ. ಆ ಕೆಲಸದಲ್ಲಿ ಊರು, ಓಣಿ, ಬಂಧುಬಳಗಗಳ ಪಾಲೇನು ಎಂಬುದನ್ನು ಭಕ್ತಬಾಂಧವರೊಡನೆ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ತಿಳಿಯಬೇಕಾದುದು

ಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುವುದು ರಕ್ತದ ಕ್ಯಾನ್ಸರ್, ಅಂದರೆ ಲ್ಯುಕೇಮಿಯಾ. ಮಿದುಳಿನ ಗಡ್ಡೆ, ದುಗ್ಧಗ್ರಂಥಿಗಳ ಕ್ಯಾನ್ಸರ್, ಮೂತ್ರಪಿಂಡದ ಗಡ್ಡೆ, ಕಣ್ಣಿನ ಅಕ್ಷಿಪಟಲದ ಗಡ್ಡೆ, ಮೂಳೆಯ ಕ್ಯಾನ್ಸರ್ ಇವು ಉಳಿದವು. ಹಿರಿಯರ ಕ್ಯಾನ್ಸರಿಗೆ ತಂಬಾಕು, ಮದ್ಯ ಮೊದಲಾದ ಚಟಗಳು ಅನೇಕ ವೇಳೆ ಕಾರಣವಾಗಿರುತ್ತವೆ. ಮಕ್ಕಳ ಕ್ಯಾನ್ಸರಿನಲ್ಲಿ ಬಹುಪಾಲು ಇಂತಹುದೇ ಕಾರಣವೆಂದು ಬೆರಳು ಮಾಡಿ ತೋರಿಸಲು ಬರುವುದಿಲ್ಲ. ಬೆಳೆಯುತ್ತಿರುವ ದೇಹದ ಜೀವಕೋಶಗಳೊಳಗೆ ಆಗುವ ಬದಲಾವಣೆಯಿಂದ ಅದು ಹುಟ್ಟುತ್ತದೆ. ಕೆಲವೇ ಮಕ್ಕಳಲ್ಲಿ ವಂಶಪಾರಂಪರ್ಯದ ಅಂಶವಿರುತ್ತದೆ. ಕಣ್ಣಿನ ಗಡ್ಡೆ ಇದಕ್ಕೆ ಉದಾಹರಣೆ. ಅಂತಹ ಮನೆಗಳಲ್ಲಿ ಒಡಹುಟ್ಟಿದವರ ಕಣ್ಣುಗಳನ್ನೂ ತಪಾಸಣೆ ಮಾಡಿಸಬೇಕೆಂದು ವೈದ್ಯರು ಹೇಳುತ್ತಾರೆ. ಆದರೆ ಇದು ಅಂಟುರೋಗವಂತೂ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಒಂದೇ ಹಾಸಿಗೆಯಲ್ಲಿ ಮಲಗಿದರೂ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ವಾರಗಟ್ಟಲೆ ಬಿಡದ ಜ್ವರ, ಮುಖ ಬಿಳಿಚಿಕೊಳ್ಳುವುದು, ಪೆಟ್ಟು ಬೀಳದೆ ಮೈಮೇಲೆ ಕಂದುಗಟ್ಟುವುದು, ಒಸಡಿನಲ್ಲಿ ರಕ್ತ ಒಸರುವುದು, ಕಾಲಿನ ಮೂಳೆಗಳು ನೋಯುತ್ತವೆಂದು ಮಗು ನಡೆಯಲೊಲ್ಲದಿರುವುದು, ಕುತ್ತಿಗೆ ಅಥವಾ ಹೊಟ್ಟೆಯಲ್ಲಿ ಗಂಟು, ಬೆಳಗ್ಗೆ ಎದ್ದೊಡನೆ ತಲೆನೋವು ಮತ್ತು ವಾಂತಿ, ಕಣ್ಣಿನ ಪಾಪೆಯಲ್ಲಿ ಬೆಳ್ಳನೆಯ ಹೊಳಪು ಇವುಗಳಲ್ಲಿ ಯಾವುದೇ ಒಂದು ಕಂಡರೂ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಇವೆಲ್ಲವೂ ಕ್ಯಾನ್ಸರೇ ಆಗಿರಬೇಕೆಂದಿಲ್ಲ. ಬೇರೆ ಸಾಮಾನ್ಯ ಕಾಯಿಲೆಗಳಲ್ಲಿಯೂ ಇವು ಕಾಣಿಸಿಕೊಳ್ಳುತ್ತವೆ. ಪರೀಕ್ಷೆ ಮಾಡಿಸಿ ನಿಶ್ಚಿಂತರಾಗುವುದು ಮೇಲು.

ಈ ರೋಗ ಗುಣವಾಗುತ್ತದೆಯೇ ಎಂಬ ಸಂಶಯ ಅನೇಕರಲ್ಲಿದೆ. 1940ರ ದಶಕದವರೆಗೆ ರಕ್ತದ ಕ್ಯಾನ್ಸರ್ ಬಂದ ಮಕ್ಕಳು ಬಹುಮಟ್ಟಿಗೆ ಕೆಲವೇ ವಾರ, ತಿಂಗಳು ಬದುಕುತ್ತಿದ್ದರು. 1948ರಲ್ಲಿ ಅಮೆರಿಕದ ಬೋಸ್ಟನ್ ನಗರದ ವೈದ್ಯ ಸಿಡ್ನಿ ಫಾರ್ಬರ್ ಅವರು, ಅಮಿನೊಪ್ಟೆರಿನ್ ಎಂಬ ಔಷಧಿಯಿಂದ ಇಂತಹ ಕೆಲವು ಮಕ್ಕಳಲ್ಲಿ ರೋಗವು ತಾತ್ಕಾಲಿಕವಾಗಿ ಹಿಮ್ಮೆಟ್ಟಿದುದನ್ನು ಪ್ರಕಟಿಸಿದರು. ಆ ಔಷಧಿಯನ್ನು ಸಿದ್ಧಪಡಿಸಿದ ಸಂಶೋಧನಾ ತಂಡದ ಮುಂದಾಳು ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ಬಗೆಯ ಮೆಥೊಟ್ರೆಕ್ಸೇಟ್ ಎಂಬ ಔಷಧಿಯನ್ನು ಇಂದಿಗೂ ಮಕ್ಕಳಿಗೆ ಕೊಡುತ್ತಾರೆ. ನಮ್ಮ ಹಿತ್ತಲಿನಲ್ಲಿ ಅರಳುವ ನಿತ್ಯಪುಷ್ಪದ ಗಿಡದಿಂದ ವಿನ್‌ಕ್ರಿಸ್ಟಿನ್ ಎಂಬ ಇನ್ನೊಂದು ಔಷಧಿ ದೊರೆಯಿತು. (ಆ ಗಿಡದ ಎಲೆಯನ್ನು ಅರೆದು ಕುಡಿಸಿದರೆ ರೋಗ ವಾಸಿಯಾಗದು, ವಿಷವಾದೀತು. ಔಷಧಿಯನ್ನು ಶುದ್ಧಪಡಿಸಿ, ಮಗುವಿನ ಮೈಯಳತೆಗೆ ತಕ್ಕಂತೆ ಲೆಕ್ಕ ಹಾಕಿ ವೈದ್ಯರೇ ಕೊಡಬೇಕು.) ಹೀಗೆ ಹಲವರ ಪರಿಶ್ರಮದಿಂದ, ಒಂದು ಕಾಲಕ್ಕೆ ಮದ್ದೇ ಇಲ್ಲದಿದ್ದ ರೋಗ ಇಂದು ಸರಿಯಾದ ಚಿಕಿತ್ಸೆ ದೊರೆತರೆ ಹೆಚ್ಚಿನ ಮಕ್ಕಳಲ್ಲಿ ಗುಣವಾಗುವ ರೋಗವಾಗಿದೆ.

ತಾಯಿಯ ಮೇಲೆ ಬೀಳುವ ದೂರು

ರೋಗ ಖಚಿತವಾದ ದಿನ ವೈದ್ಯರು ಹೇಳಿದ ಮಾತುಗಳಲ್ಲಿ ಹೆಚ್ಚಿನವು ತಂದೆತಾಯಿಯರ ಕಿವಿಗೆ ಬೀಳುವುದೇ ಇಲ್ಲ. ಮೊದಲ ಶಬ್ದಕ್ಕೇ ಮನಸ್ಸು ಮರಗಟ್ಟಿಹೋಗಿರುತ್ತದೆ. ವರದಿ ತಪ್ಪಾಗಿರಬೇಕೆಂದು ಮತ್ತೊಂದು ದವಾಖಾನೆಗೆ ಓಡುತ್ತಾರೆ. ಆ ಬಳಿಕ ಸಿಟ್ಟು ಬರುತ್ತದೆ: ವೈದ್ಯರ ಮೇಲೆ, ದೇವರ ಮೇಲೆ, ಒಬ್ಬರ ಮೇಲೊಬ್ಬರಿಗೆ. ಕೊನೆಗೆ ಎಲ್ಲವೂ ‘ನಮ್ಮಿಂದಲೇ ಏನೋ ತಪ್ಪಾಗಿರಬೇಕು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಈ ತಪ್ಪಿತಸ್ಥ ಭಾವವು ತಾಯಂದಿರನ್ನು ಕಾಡುವಷ್ಟು ಬೇರೆ ಯಾರನ್ನೂ ಕಾಡದು. ಅದಕ್ಕೆ ನಮ್ಮ ಸಮಾಜವೂ ಕಾರಣ. “ನೀ ಬಸುರಿದ್ದಾಗ ಗ್ರಹಣದಾಗ ಹೊರಗ ಬಂದಿದ್ದಿ, ಅದಕ್ಕ ಹಿಂಗಾತು” ಎಂದು ಅತ್ತೆ ಹೇಳುತ್ತಾಳೆ. “ನಮ್ಮ ವಂಶದಾಗ ಯಾರಿಗೂ ಇಂಥಾ ಬ್ಯಾನಿ ಇರಲಿಲ್ಲ” ಎಂದು ಮತ್ತೊಬ್ಬರು ದನಿಗೂಡಿಸುತ್ತಾರೆ. ಹಿಂದಿನ ಜನ್ಮದ ಪಾಪ, ಯಾರದೋ ಕೆಟ್ಟ ದೃಷ್ಟಿ, ಮನೆದೇವರ ಹರಕೆ ತೀರಿಸದ ದೋಷ ಎಂದು ಬಗೆಬಗೆಯ ಕಾರಣಗಳನ್ನು ಹೊತ್ತು ಜನರು ಬರುತ್ತಾರೆ. ಇದಾವುದರಿಂದಲೂ ಕ್ಯಾನ್ಸರ್ ಹುಟ್ಟುವುದಿಲ್ಲ. ಆದರೆ ಇಂತಹ ಒಂದೊಂದು ಮಾತೂ ತಾಯಿಯ ಎದೆಯಲ್ಲಿ ಮುಳ್ಳಾಗಿ ಉಳಿಯುತ್ತದೆ. ರಾತ್ರಿಯಿಡೀ ಮಗುವಿನ ಪಕ್ಕದಲ್ಲಿ ಎಚ್ಚರವಿದ್ದು, ಸಲೈನ್ ಬಾಟಲಿಯ ಹನಿಗಳನ್ನು ಎಣಿಸುತ್ತ ಕುಳಿತವಳಿಗೆ, ತನ್ನ ಬಸುರೇ ಈ ನೋವಿಗೆ ಮೂಲವಾಯಿತೆಂಬ ಯೋಚನೆಗಿಂತ ದೊಡ್ಡ ಶಿಕ್ಷೆ ಬೇರೆ ಯಾವುದಿದೆ?

ದೂರಿನ ಇನ್ನೊಂದು ಫಲವೂ ಉಂಟು. ಮನೆಯವರು ರೋಗವನ್ನು ಮುಚ್ಚಿಡತೊಡಗುತ್ತಾರೆ. ಕ್ಯಾನ್ಸರೆಂದು ಹೇಳಿದರೆ ಜನರು ಏನೆಂದಾರೋ, ಹಿರಿಯ ಮಗಳ ಸಂಬಂಧ ತಪ್ಪೀತೋ ಎಂದು ಅಂಜಿ, ‘ರಕ್ತ ಕಡಿಮೆಯಾಗಿದೆ’ ಎಂದಷ್ಟೇ ಹೇಳಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಮುಚ್ಚಿಟ್ಟ ದುಃಖಕ್ಕೆ ನೆರವು ದೊರೆಯುವುದಿಲ್ಲ. ಹೇಳಿಕೊಳ್ಳಲಾಗದವರು ಒಂಟಿಯಾಗುತ್ತಾರೆ. 12ನೆಯ ಶತಮಾನದ ಶರಣರು ಸೂತಕದ ಕಲ್ಪನೆಯನ್ನೇ ನಿರಾಕರಿಸಿದರು. ಆ ಪರಂಪರೆಯಲ್ಲಿ ಬಂದ ನಾವು ರೋಗಿಯಿರುವ ಮನೆಗೆ ಹೊಸದೊಂದು ಸೂತಕವನ್ನು ಹಚ್ಚುವುದು ತರವೇ?

ತಂದೆಯ ಮೌನ, ಮನೆಯ ಲೆಕ್ಕ

ಕಲಬುರಗಿಯ ಕಡೆಯ ಒಂದು ಹಳ್ಳಿಯ ಒಕ್ಕಲು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ನಾಲ್ಕು ಎಕರೆ ಹೊಲ, ತೊಗರಿಯ ಬೆಳೆ, ಇಬ್ಬರು ಮಕ್ಕಳು. ಕಿರಿಯವನಿಗೆ ರಕ್ತದ ಕ್ಯಾನ್ಸರ್. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಶಾಖಾ ಕೇಂದ್ರವಿದೆ, ಹುಬ್ಬಳ್ಳಿಯ ನವನಗರದಲ್ಲಿಯೂ ಕ್ಯಾನ್ಸರ್ ಆಸ್ಪತ್ರೆಯಿದೆ. ಆದರೂ ಈ ಮಗುವಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿಗೇ ಹೋಗಬೇಕಾಯಿತೆಂದು ಇಟ್ಟುಕೊಳ್ಳೋಣ. 1973ರಲ್ಲಿ ಆರಂಭವಾದ ಆ ಸಂಸ್ಥೆಗೆ ನಾಡಿನ ಎಲ್ಲೆಡೆಯಿಂದ ರೋಗಿಗಳು ಬರುತ್ತಾರೆ. ಊರಿನಿಂದ ಅಲ್ಲಿಗೆ ಸುಮಾರು 600 ಕಿಲೋಮೀಟರು. ತಾಯಿ ಮಗುವಿನೊಡನೆ ಅಲ್ಲಿ ಉಳಿಯುತ್ತಾಳೆ. ತಂದೆ ಊರಿಗೂ ಬೆಂಗಳೂರಿಗೂ ನಡುವೆ ರೈಲಿನಲ್ಲಿ ಅಲೆಯುತ್ತಾನೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕಾರ್ಡುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯ ನೆರವು ಇದೆ. ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೂ ಜೊತೆಯಲ್ಲಿ ಹೋಗುವ ಒಬ್ಬರಿಗೂ ರೈಲ್ವೆಯ ದರದಲ್ಲಿ ರಿಯಾಯಿತಿ ಇದೆ. ಅದಕ್ಕೆ ಆಸ್ಪತ್ರೆಯ ವೈದ್ಯರು ಸಹಿ ಮಾಡಿದ ಪ್ರಮಾಣಪತ್ರ ಬೇಕು. ಇವುಗಳ ಅರಿವಿಲ್ಲದೆ ಆರಂಭದಲ್ಲಿಯೇ ಬಡ್ಡಿಗೆ ಸಾಲ ತಂದವರು ಎಷ್ಟೋ ಮಂದಿ. ಆದರೆ ಯೋಜನೆಗಳು ತುಂಬಿಕೊಡದ ಖರ್ಚುಗಳೂ ಬಹಳ. ಕೋಣೆಯ ಬಾಡಿಗೆ, ಮೂರು ಹೊತ್ತಿನ ಊಟ, ಆಟೋ ಬಾಡಿಗೆ, ಕೈತಪ್ಪಿದ ಕೂಲಿ, ಬಿತ್ತದೆ ಬೀಳುಬಿದ್ದ ಹೊಲ, ಇವೆಲ್ಲ ಸೇರಿದರೆ ಔಷಧಿಯ ಬಿಲ್ಲಿಗೂ ಮಿಗಿಲಾಗುತ್ತವೆ. ಮೊದಲು ಎಮ್ಮೆ ಮಾರಾಟವಾಗುತ್ತದೆ. ಬಳಿಕ ಬಂಗಾರ ಒತ್ತೆ ಬೀಳುತ್ತದೆ. ಸಂಘದ ಸಾಲದ ಕಂತು ತಪ್ಪುತ್ತದೆ. ಹೊಲವನ್ನು ಲಾವಣಿಗೆ ಕೊಟ್ಟ ದಿನ ತಂದೆ ಯಾರೊಡನೆಯೂ ಮಾತನಾಡುವುದಿಲ್ಲ.

ಗಂಡಸು ಅಳಬಾರದೆಂದು ನಾವು ಕಲಿಸಿದ್ದೇವೆ. ಆದುದರಿಂದ ಆತ ದುಃಖವನ್ನು ಒಳಗೇ ಅದುಮುತ್ತಾನೆ. ಅದು ಸಿಟ್ಟಾಗಿ, ನಿದ್ದೆಗೇಡಾಗಿ, ಕೆಲವೊಮ್ಮೆ ಕುಡಿತವಾಗಿ ಹೊರಬೀಳುತ್ತದೆ. ದವಾಖಾನೆಯಲ್ಲಿರುವ ಹೆಂಡತಿಗೆ, ಗಂಡ ಫೋನ್ ಮಾಡುವುದಿಲ್ಲ, ತನ್ನ ಕಷ್ಟ ಅವನಿಗೆ ತಿಳಿಯದು ಎನಿಸುತ್ತದೆ. ಊರಿನಲ್ಲಿರುವ ಗಂಡನಿಗೆ, ಫೋನ್ ಮಾಡಿದರೆ ಹಣದ ಮಾತು ಬರುತ್ತದೆ, ತನ್ನ ಬಳಿ ಹಣವಿಲ್ಲ ಎಂಬ ನಾಚಿಕೆ. ಇಬ್ಬರೂ ಒಂದೇ ಮಗುವಿಗಾಗಿ ಬೇಯುತ್ತಿದ್ದರೂ ಒಬ್ಬರಿಗೊಬ್ಬರು ದೂರವಾಗುತ್ತ ಹೋಗುತ್ತಾರೆ. ಇಂತಹ ಹೊತ್ತಿನಲ್ಲಿ ಮನೆಯ ಹಿರಿಯರೊಬ್ಬರು ಆ ತಂದೆಯ ಪಕ್ಕದಲ್ಲಿ ಕುಳಿತು, ಹಣದ ಮಾತೆತ್ತದೆ, “ನಿನಗ ಹ್ಯಾಂಗ ಐತಿ ಮಗಾ?” ಎಂದು ಕೇಳಿದರೆ, ತಿಂಗಳುಗಳಿಂದ ಹಿಡಿದಿಟ್ಟ ಕಣ್ಣೀರಿಗೆ ದಾರಿ ದೊರೆಯುತ್ತದೆ.

ಮಗು ಎಲ್ಲವನ್ನೂ ಬಲ್ಲದು

‘ಕೂಸಿಗೆ ಏನು ತಿಳಿಯುತ್ತದೆ, ಹೇಳುವುದು ಬೇಡ’ ಎಂಬುದು ನಮ್ಮಲ್ಲಿ ಸಾಮಾನ್ಯವಾದ ನಿಲುವು. ಪ್ರೀತಿಯಿಂದಲೇ ಹುಟ್ಟಿದ ನಿಲುವು ಅದು. ಆದರೆ ಅದು ಸರಿಯೇ? ಅಮೆರಿಕದ ಮಾನವಶಾಸ್ತ್ರಜ್ಞೆ ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಅವರು ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದ ಮಕ್ಕಳ ನಡುವೆ ಬಹುಕಾಲ ಕಳೆದು, 1978ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಯಾರೂ ಹೇಳದಿದ್ದರೂ ತಮ್ಮ ರೋಗ ಎಷ್ಟು ಕಠಿಣವಾದುದೆಂದು ಆ ಎಳೆಯ ಮಕ್ಕಳು ಅರಿತಿದ್ದರು. ಹಿರಿಯರ ಮುಖ ನೋಡಿ, ಪಿಸುಮಾತು ಕೇಳಿ, ಪಕ್ಕದ ಹಾಸಿಗೆಯ ಗೆಳೆಯ ಒಂದು ದಿನ ಇಲ್ಲವಾದುದನ್ನು ಕಂಡು ಅವರು ಎಲ್ಲವನ್ನೂ ಊಹಿಸಿಕೊಂಡಿದ್ದರು. ಅಷ್ಟೇ ಅಲ್ಲ, ತಮಗೆ ತಿಳಿದಿದೆಯೆಂಬುದು ಗೊತ್ತಾದರೆ ಅಪ್ಪ ಅಮ್ಮ ನೊಂದುಕೊಳ್ಳುತ್ತಾರೆಂದು ಏನೂ ತಿಳಿಯದವರಂತೆ ನಟಿಸುತ್ತಿದ್ದರು. ಹಿರಿಯರು ಮಗುವಿಗಾಗಿ ಮುಚ್ಚಿಡುತ್ತಾರೆ. ಮಗು ಹಿರಿಯರಿಗಾಗಿ ಮುಚ್ಚಿಡುತ್ತದೆ. ಅಂಜಿಕೆ ಮಾತ್ರ ಇಬ್ಬರ ಎದೆಯಲ್ಲಿಯೂ ಉಳಿಯುತ್ತದೆ.

ಆದುದರಿಂದ ವಯಸ್ಸಿಗೆ ತಕ್ಕ ಮಾತಿನಲ್ಲಿ ಮಗುವಿಗೆ ನಿಜವನ್ನು ಹೇಳುವುದು ಒಳ್ಳೆಯದು. “ನಿನ್ನ ರಕ್ತದಲ್ಲಿ ಕೆಟ್ಟ ಕಣಗಳು ಸೇರಿವೆ, ಅವನ್ನು ಓಡಿಸಲು ಔಷಧಿ ಕೊಡುತ್ತಾರೆ. ಸೂಜಿ ಸ್ವಲ್ಪ ನೋಯುತ್ತದೆ, ಅವ್ವ ನಿನ್ನ ಕೈ ಹಿಡಿದುಕೊಂಡಿರುತ್ತಾಳೆ” ಎಂದರೆ ಐದು ವರ್ಷದ ಮಗುವಿಗೂ ಅರ್ಥವಾಗುತ್ತದೆ. ‘ಸೂಜಿ ನೋಯುವುದೇ ಇಲ್ಲ’ ಎಂದು ನಂಬಿಸಿ ಒಳಗೆ ಕರೆದೊಯ್ದರೆ, ಮಾರನೆಯ ದಿನ ಆ ಮಗು ನಮ್ಮ ಯಾವ ಮಾತನ್ನೂ ನಂಬುವುದಿಲ್ಲ. ‘ನೀನು ತಂಟೆ ಮಾಡಿದ್ದಕ್ಕೆ ಹೀಗಾಯಿತು’ ಎಂದು ತಮಾಷೆಗೂ ಹೇಳಬಾರದು. ಎಳೆಯ ಮಕ್ಕಳು ರೋಗವನ್ನು ತಮಗೆ ದೊರೆತ ಶಿಕ್ಷೆಯೆಂದೇ ತಿಳಿದುಬಿಡುತ್ತಾರೆ.

ಚಿಕಿತ್ಸೆಯ ಕಾಲದಲ್ಲಿ ಮಗುವಿನ ಸ್ವಭಾವವೇ ಬದಲಾದಂತೆ ಕಾಣುವುದುಂಟು. ರಕ್ತದ ಕ್ಯಾನ್ಸರಿಗೆ ಕೊಡುವ ಸ್ಟೀರಾಯ್ಡ್ ಮಾತ್ರೆಗಳಿಂದ ಮುಖ ಊದಿಕೊಳ್ಳುತ್ತದೆ, ತಡೆಯಲಾರದ ಹಸಿವಾಗುತ್ತದೆ, ಸಿಟ್ಟು, ಅಳು, ಹಟ ಹೆಚ್ಚುತ್ತವೆ. ನಡುರಾತ್ರಿ ಎದ್ದು ಊಟಕ್ಕಾಗಿ ಚೀರುವ ಮಗುವನ್ನು ಹಟಮಾರಿಯೆಂದು ಬೈಯುವುದು ಸಲ್ಲದು. ಅದು ಔಷಧಿಯ ಪರಿಣಾಮ. ಮಾತ್ರೆ ನಿಂತ ಬಳಿಕ ಅದು ತಗ್ಗುತ್ತದೆ. ಉದುರಿದ ಕೂದಲೂ ಕೀಮೋ ಚಿಕಿತ್ಸೆಯ ಭಾರ ಇಳಿದ ಮೇಲೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ.

ಮನೆಯಲ್ಲಿ ಉಳಿದ ಮಗು

ಎಲ್ಲರ ಕಣ್ಣೂ ರೋಗಿಯ ಮೇಲಿರುವಾಗ, ಅಜ್ಜಿಯ ಬಳಿ ಉಳಿದ ಒಡಹುಟ್ಟಿದ ಮಗುವನ್ನು ಯಾರೂ ಗಮನಿಸುವುದಿಲ್ಲ. ಒಂದು ರಾತ್ರಿ ಅವ್ವ, ಅಪ್ಪ, ತಮ್ಮ ಮೂವರೂ ಹೊರಟುಹೋದರು. ಏಕೆಂದು ಯಾರೂ ಬಿಡಿಸಿ ಹೇಳಲಿಲ್ಲ. ತಿಂಗಳ ಬಳಿಕ ಬಂದ ತಮ್ಮನಿಗೆ ಎಲ್ಲರೂ ಆಟಿಕೆ, ಹಣ್ಣು ತರುತ್ತಾರೆ. ಅವನು ಹೊಡೆದರೂ ‘ಪಾಪ, ಹುಷಾರಿಲ್ಲ’ ಎನ್ನುತ್ತಾರೆ. ಎಂಟು ವರ್ಷದ ಅಕ್ಕನಿಗೆ ಹೊಟ್ಟೆಕಿಚ್ಚಾಗುತ್ತದೆ. ಹೊಟ್ಟೆಕಿಚ್ಚು ಪಟ್ಟೆನಲ್ಲಾ ಎಂದು ಮರುಕ್ಷಣವೇ ಅಪರಾಧಿಯಂತೆ ಕುಗ್ಗುತ್ತಾಳೆ. ಹಿಂದೊಮ್ಮೆ ಜಗಳದಲ್ಲಿ ‘ನೀ ಸಾಯಿ’ ಎಂದು ಬೈದದ್ದು ನೆನಪಾಗಿ, ತನ್ನಿಂದಲೇ ತಮ್ಮನಿಗೆ ಹೀಗಾಯಿತೆಂದು ಒಳಗೊಳಗೇ ನಡುಗುತ್ತಾಳೆ. ತಲೆನೋವು, ಹೊಟ್ಟೆನೋವು, ಹಾಸಿಗೆಯಲ್ಲಿ ಮೂತ್ರ, ಅಭ್ಯಾಸದಲ್ಲಿ ಹಿನ್ನಡೆ ಹೀಗೆ ಆ ದುಃಖ ಹೊರಬೀಳುತ್ತದೆ. ಕೆಲವು ಮಕ್ಕಳಂತೂ ಏನನ್ನೂ ಬೇಡದೆ, ಅಳದೆ, ಅತಿ ಸಂಭಾವಿತರಾಗಿಬಿಡುತ್ತಾರೆ. ಅವರನ್ನು ಹೊಗಳಿ ಸುಮ್ಮನಾಗುತ್ತೇವೆ. ನಿಜಕ್ಕೂ ಹೆಚ್ಚು ಗಮನ ಬೇಕಾದವರು ಅವರೇ.

ಇದಕ್ಕೆ ದೊಡ್ಡ ಉಪಾಯಗಳು ಬೇಕಿಲ್ಲ. ತಮ್ಮನ ರೋಗದ ಹೆಸರನ್ನು ಅವಳಿಗೂ ಹೇಳಬೇಕು. ಅದು ನಿನ್ನಿಂದ ಬಂದುದಲ್ಲ, ನಿನಗೆ ಅಂಟುವುದೂ ಇಲ್ಲ ಎಂದು ಸ್ಪಷ್ಟಪಡಿಸಬೇಕು. ತಾಯಿ ದಿನಕ್ಕೊಮ್ಮೆ ಫೋನಿನಲ್ಲಿ ಅವಳೊಡನೆ ಅವಳ ವಿಷಯವನ್ನೇ ಮಾತನಾಡಬೇಕು. ಶಾಲೆಯ ಗುರುಗಳಿಗೆ ಸಂಗತಿ ತಿಳಿದಿರಬೇಕು. ಸೋದರಮಾವನೋ ಚಿಕ್ಕಮ್ಮನೋ ವಾರಕ್ಕೊಮ್ಮೆ ಬಂದು ಅವಳನ್ನು ಸಂತೆಗೆ, ಜಾತ್ರೆಗೆ ಕರೆದೊಯ್ದರೆ ತಾನೂ ಈ ಮನೆಯ ಮಗುವೆಂಬ ಭರವಸೆ ಅವಳಿಗೆ ಮೂಡುತ್ತದೆ.

ಗುಣವಾದಂತೆ ಕಂಡಾಗಲೇ ಎಚ್ಚರ

ರಕ್ತದ ಕ್ಯಾನ್ಸರಿನ ಮುಖ್ಯ ಬಗೆಯೊಂದರಲ್ಲಿ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಆದರೆ ಮೊದಲ ತಿಂಗಳ ತೀವ್ರ ಚಿಕಿತ್ಸೆ ಮುಗಿಯುವ ಹೊತ್ತಿಗೆ ಹೆಚ್ಚಿನ ಮಕ್ಕಳ ಅಸ್ಥಿಮಜ್ಜೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುವಂತಹ ರೋಗ ಉಳಿದಿರುವುದಿಲ್ಲ. ಜ್ವರವಿಲ್ಲ, ನೋವಿಲ್ಲ, ಮಗು ಆಡತೊಡಗುತ್ತದೆ. ಆಗ ಮನೆಯಲ್ಲಿ, “ಹುಡುಗ ಆರಾಮಾಗ್ಯಾನ, ಇನ್ನ ಆ ಸೂಜಿ ಚುಚ್ಚಿಸಿ ಯಾಕ ಕಾಡತೀರಿ?” ಎಂಬ ಮಾತು ಹೊರಡುತ್ತದೆ. ಅದೇ ಸಮಯಕ್ಕೆ ಕೈಯಲ್ಲಿನ ಹಣವೂ ಮುಗಿದಿರುತ್ತದೆ, ಬಿತ್ತನೆಯ ಕಾಲವೂ ಬಂದಿರುತ್ತದೆ. ಚಿಕಿತ್ಸೆ ನಿಲ್ಲುತ್ತದೆ.

ಹೊಲದಲ್ಲಿ ಕರಿಕೆಯನ್ನು ಮೇಲೆ ಮೇಲೆ ಕಿತ್ತು ಬಿಟ್ಟರೆ ಏನಾಗುತ್ತದೆಂದು ಒಕ್ಕಲಿಗನಿಗೆ ಹೇಳಬೇಕಿಲ್ಲ. ಕಣ್ಣಿಗೆ ಕಾಣದೆ ಉಳಿದ ರೋಗಕಣಗಳು ಹಾಗೆಯೇ ಮತ್ತೆ ಬೆಳೆಯುತ್ತವೆ. ಮರಳಿ ಬಂದ ರೋಗವನ್ನು ಗುಣಪಡಿಸುವುದು ಮೊದಲಿಗಿಂತ ಬಹಳ ಕಷ್ಟ. ಆದುದರಿಂದ ಬಂಧುಗಳಾದವರು ಈ ಹಂತದಲ್ಲಿ ಆಡಬೇಕಾದ ಮಾತು ಒಂದೇ: ‘ಪೂರ್ತಿ ಮುಗಿಸಿರಿ, ನಾವಿದ್ದೇವೆ.’

ಇನ್ನೊಂದು ಸಂಗತಿಯನ್ನು ನೋವಿನಿಂದಲೇ ಹೇಳಬೇಕಾಗಿದೆ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಬರುವ ಮಕ್ಕಳಲ್ಲಿ ಗಂಡುಮಕ್ಕಳ ಸಂಖ್ಯೆ ಹೆಚ್ಚು. ರೋಗದ ಸ್ವರೂಪವೊಂದರಿಂದಲೇ ಈ ಅಂತರವನ್ನು ವಿವರಿಸಲಾಗದು. ಹೆಣ್ಣುಮಗುವಿಗಾಗಿ ಹೊಲ ಒತ್ತೆಯಿಡಲು ಕೆಲವು ಮನೆಗಳು ಹಿಂದೆಮುಂದೆ ನೋಡುತ್ತವೆ. ಹೆಣ್ಣು ಗಂಡೆಂಬ ಭೇದವನ್ನು ಅಳಿಸಿದ ಶರಣರ ನಾಡಿನಲ್ಲಿ ಇಂತಹ ಲೆಕ್ಕಾಚಾರಕ್ಕೆ ಎಡೆಯಿರಬಾರದು.

ಶಾಲೆಯ ದಾರಿ

ಮಗುವಿಗೆ ‘ನಾನು ಬದುಕುತ್ತೇನೆ’ ಎಂಬ ಧೈರ್ಯ ಕೊಡುವುದರಲ್ಲಿ ಶಾಲೆಗೆ ಮಹತ್ತ್ವದ ಸ್ಥಾನವಿದೆ. ವೈದ್ಯರು ಅನುಮತಿ ಕೊಟ್ಟೊಡನೆ ಮಗು ಶಾಲೆಗೆ ಮರಳಬೇಕು. ಅದಕ್ಕೂ ಮುನ್ನ ಗುರುಗಳು ತರಗತಿಯ ಮಕ್ಕಳೊಡನೆ ಮಾತನಾಡಿ, ಕೂದಲು ಏಕೆ ಉದುರಿದೆ, ಬಾಯಿಗೆ ಮಾಸ್ಕ್ ಏಕೆ ಕಟ್ಟಿದೆ, ಇದು ಅಂಟುರೋಗವಲ್ಲವೇಕೆ ಎಂಬುದನ್ನು ತಿಳಿಸಿದರೆ ಅಡ್ಡಹೆಸರುಗಳೂ ಅಪಹಾಸ್ಯವೂ ಹುಟ್ಟುವುದಿಲ್ಲ. ಮಗುವಿನಿಂದ ನಮಗೆ ಅಪಾಯವಿಲ್ಲ. ನಮ್ಮಿಂದ ಮಗುವಿಗೆ ಅಪಾಯವುಂಟು. ಕೀಮೋ ಪಡೆಯುವ ಮಗುವಿನ ಬಿಳಿ ರಕ್ತಕಣಗಳು ಕಡಿಮೆಯಾಗಿರುವುದರಿಂದ ಸಣ್ಣ ಸೋಂಕೂ ದೊಡ್ಡದಾಗಬಲ್ಲದು. ನೆಗಡಿ, ಕೆಮ್ಮು ಇರುವವರು ಆ ಮನೆಗೆ ಹೋಗಬಾರದು. ತರಗತಿಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಅಥವಾ ದಡಾರ ಬಂದರೆ ಅಂದೇ ಪಾಲಕರಿಗೆ ತಿಳಿಸಬೇಕು. ಜಾತ್ರೆಯ ಗದ್ದಲಕ್ಕೆ ಆ ಮಗುವನ್ನು ಕರೆತರುವುದು ಬೇಡ. ಮೈಬಿಸಿ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಚಿಕಿತ್ಸೆ ಮುಗಿದ ದಿನ ಎಲ್ಲರೂ ಸಂತೋಷಪಡುತ್ತಾರೆ. ತಂದೆತಾಯಿಗಳಿಗೆ ಮಾತ್ರ ಅಂದಿನಿಂದ ಹೊಸ ಅಂಜಿಕೆ ಆರಂಭವಾಗುತ್ತದೆ. ಪ್ರತಿ ಜ್ವರಕ್ಕೂ ರೋಗ ಮರಳಿತೆಂಬ ಭಯ, ಪ್ರತಿ ತಪಾಸಣೆಯ ಹಿಂದಿನ ರಾತ್ರಿ ನಿದ್ದೆಯಿಲ್ಲ. ಕೆಲವು ಔಷಧಿಗಳು ಹೃದಯ, ಕಿವಿ, ಬೆಳವಣಿಗೆಗಳ ಮೇಲೆ ವರ್ಷಗಳ ಬಳಿಕ ಪರಿಣಾಮ ತೋರುವುದರಿಂದ ತಪಾಸಣೆಗಳನ್ನು ತಪ್ಪಿಸಬಾರದು. ನಿದ್ದೆಗೇಡು, ನಿರಾಸಕ್ತಿ, ಸಾಯುವ ಯೋಚನೆಗಳು ಯಾರನ್ನೇ ಕಾಡಿದರೂ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ದಾಸೋಹದ ಇನ್ನೊಂದು ಬಗೆ

ದಾಸೋಹವೆಂದರೆ ಅನ್ನವಿಕ್ಕುವುದಷ್ಟೇ ಅಲ್ಲವೆಂದು ಭಕ್ತರಿಗೆ ತಿಳಿದಿದೆ. ರೋಗಿಯ ಮನೆಗೆ ನಾವು ಸಲ್ಲಿಸಬಹುದಾದ ಸೇವೆಗಳು ಹಲವು. ‘ಏನಾದರೂ ಬೇಕಿದ್ದರೆ ಹೇಳಿ’ ಎಂದರೆ ಸಂಕೋಚದಿಂದ ಯಾರೂ ಹೇಳುವುದಿಲ್ಲ. “ತಂಗಿ, ನೀ ಬರೂತನಕ ನಿಮ್ಮ ಎಮ್ಮಿ ನಾ ಹಿಂಡತೀನಿ, ಹುಡುಗಿ ನಮ್ಮ ಮನ್ಯಾಗ ಉಣತಾಳ, ನೀ ಕಾಳಜಿ ಮಾಡಬ್ಯಾಡ” ಎಂದರೆ ಅದು ನಿಜವಾದ ನೆರವು. ನಾಲ್ಕು ಮಂದಿ ಸೇರಿ ಅವರ ಹೊಲವನ್ನು ಹರಗಿ ಬಿತ್ತಿಕೊಟ್ಟರೆ ಆ ಮನೆಯ ಒಂದು ವರ್ಷ ಉಳಿಯುತ್ತದೆ. ಕಾಗದಪತ್ರ ಬಲ್ಲ ಯುವಕರು ಆರೋಗ್ಯ ಕಾರ್ಡು, ರೈಲ್ವೆ ರಿಯಾಯಿತಿಯ ಅರ್ಜಿಗಳಿಗೆ ಓಡಾಡಬಹುದು. ಬೆಂಗಳೂರಿನಲ್ಲಿ ನೆಲೆಸಿದ ಭಕ್ತರು ವಾರಕ್ಕೊಮ್ಮೆ ಬಿಸಿ ರೊಟ್ಟಿ, ಪಲ್ಯದ ಬುತ್ತಿಯೊಡನೆ ಆಸ್ಪತ್ರೆಗೆ ಹೋಗಿ ಬಂದರೆ, ಪರಸ್ಥಳದಲ್ಲಿರುವ ಆ ತಾಯಿಗೆ ತವರಿನವರು ಬಂದಂತಾಗುತ್ತದೆ.

ರಕ್ತದಾನದ ಮಹತ್ತ್ವವನ್ನೂ ಇಲ್ಲಿ ನೆನೆಯಬೇಕು. ಈ ಮಕ್ಕಳಿಗೆ ರಕ್ತವೂ ಪ್ಲೇಟ್‌ಲೆಟ್ ಎಂಬ ಕಣಗಳೂ ಪದೇಪದೇ ಬೇಕಾಗುತ್ತವೆ. ಸಂಗ್ರಹಿಸಿದ ಪ್ಲೇಟ್‌ಲೆಟ್‌ಗಳನ್ನು ಸುಮಾರು 5 ದಿನಗಳಷ್ಟೇ ಇಡಬಹುದಾದುದರಿಂದ, ವರ್ಷಕ್ಕೊಂದು ಶಿಬಿರ ನಡೆಸಿದರೆ ಸಾಲದು. ವರ್ಷವಿಡೀ ದಾನಿಗಳು ಬೇಕು. 18ರಿಂದ 65 ವರ್ಷದೊಳಗಿನ ಆರೋಗ್ಯವಂತರು ವೈದ್ಯರ ತಪಾಸಣೆಯ ಬಳಿಕ ರಕ್ತ ಕೊಡಬಹುದು.

ಎಲ್ಲ ಪ್ರಯತ್ನಗಳ ಬಳಿಕವೂ ಕೆಲವು ಮಕ್ಕಳು ಉಳಿಯುವುದಿಲ್ಲ. ರೋಗ ಗುಣವಾಗದೆಂದು ತಿಳಿದ ಮೇಲೂ ನೋವನ್ನು ತಗ್ಗಿಸುವ ಉಪಶಾಮಕ ಚಿಕಿತ್ಸೆಯಿದೆ. ಅದನ್ನು ಕೇಳಿ ಪಡೆಯುವುದು ಮಗುವಿನ ಹಕ್ಕು. ಮಗು ಲಿಂಗೈಕ್ಯವಾದ ಮನೆಗೆ ಹೋದಾಗ ‘ಇನ್ನೊಂದು ಮಗುವಾಗುತ್ತದೆ’, ‘ಅವನ ಋಣ ಅಷ್ಟೇ ಇತ್ತು’ ಎನ್ನದಿರೋಣ. ಒಂದು ಮಗುವಿನ ಎಡೆಯನ್ನು ಇನ್ನೊಂದು ಮಗು ತುಂಬಲಾರದು. ಆ ಮಗುವಿನ ಹೆಸರನ್ನೆತ್ತಿದರೆ ತಾಯಿ ಅಳುತ್ತಾಳೆಂದು ನಾವು ಅಂಜುತ್ತೇವೆ. ಹೆಸರನ್ನು ಯಾರೂ ಎತ್ತದಿದ್ದರೆ ತನ್ನ ಮಗುವನ್ನು ಲೋಕವೇ ಮರೆಯಿತೆಂದು ಆಕೆ ಮರೆಯಲ್ಲಿ ಅಳುತ್ತಾಳೆ. ಹೆಸರೆತ್ತಿ ಮಾತನಾಡೋಣ. ಅವನ ಆಟ, ಅವನ ತೊದಲು ಮಾತುಗಳನ್ನು ನೆನೆಯೋಣ. ವಾರವೊಪ್ಪತ್ತು ಕಳೆದು ಬಂದವರೆಲ್ಲ ತಮ್ಮ ತಮ್ಮ ಮನೆಗಳಿಗೆ ಮರಳಿದ ಮೇಲೆ, ತಿಂಗಳ ನಂತರ, ವರ್ಷದ ನಂತರ ಆ ಬಾಗಿಲಿಗೆ ಹೋಗುವವರೇ ನಿಜವಾದ ಬಂಧುಗಳು.

ನಮ್ಮ ಊರಿನಲ್ಲಿಯೋ ಪಕ್ಕದ ಊರಿನಲ್ಲಿಯೋ ಇಂದು ಇಂತಹ ಒಂದು ಮನೆ ಇರಬಹುದು. ಔಷಧಿ ಕೊಡುವುದು ವೈದ್ಯರ ಕಾಯಕ. ಆ ಔಷಧಿ ಕೊನೆಯ ದಿನದವರೆಗೂ ಮಗುವಿಗೆ ತಲುಪುವಂತೆ ಆ ಮನೆಯ ಬೆನ್ನಿಗೆ ನಿಲ್ಲುವುದು ನಮ್ಮೆಲ್ಲರ ಕಾಯಕ. ಈ ಸಂಚಿಕೆಯನ್ನು ಓದಿ ಮುಗಿಸಿದ ಭಕ್ತರು, ತಾವು ಬಹುದಿನಗಳಿಂದ ಹೋಗದೆ ಬಿಟ್ಟ ಅಂತಹ ಮನೆಯೊಂದಿದ್ದರೆ, ಈ ವಾರವೇ ಹೋಗಿ ಬರಲೆಂದು ಪ್ರಾರ್ಥಿಸುತ್ತೇವೆ.